ಎಂಟು ಗಂಟೆಯ ವಿಮಾನ

“ಅಣ್ಣಾ, ಬೇರೂತ್ ವಿಮಾನ ಬಂತಾ?” ಫಿಕಿರ್ತೆ ಏದುಸಿರು ಬಿಡುತ್ತಾ ಕೇಳಿದಳು.

ಬೋಲೆ ವಿಮಾನ ನಿಲ್ದಾಣದ ಕಾವಲುಗಾರ ಹುಬ್ಬೇರಿಸಿದ. “ಅದು ಬೆಳಿಗ್ಗೆ ಎರಡು ಗಂಟೆಗೇ ಬಂತಲ್ಲ ಪುಟ್ಟಿ!”

“ಇಲ್ಲ, ಎಂಟಕ್ಕೆ! ಅಮ್ಮಾನೇ ಫೋನಲ್ಲಿ ಹೇಳಿದ್ದು.”

“ಎಂಟು ಅನ್ನೋದು ಹೊರದೇಶದವರ ಗಂಟೆ. ನಮ್ಮ ಲೆಕ್ಕಕ್ಕೆ ಅದು ಎರಡು.”

ಅಡಿಸ್ ಅಬಾಬಾದಲ್ಲಿ ಗಂಟೆ ಎಣಿಸುವುದೇ ಸೂರ್ಯ ಹುಟ್ಟಿದ ಮೇಲೆ; ಹೊರದೇಶದವರ ಬೆಳಗಿನ ಏಳು ಇಲ್ಲಿ ಒಂದು. ಎಂಟು ಎಂದರೆ ಮಧ್ಯಾಹ್ನ ಉಂಡು ಕೈ ತೊಳೆಯುವ ಹೊತ್ತು. ಫಿಕಿರ್ತೆ ಸರಿಯಾಗಿ ಆ ಹೊತ್ತಿಗೇ ಬಂದಿದ್ದಳು.

“ಫೋನ್ ತಗೊಂಡಿದ್ದು ನೀನಲ್ವೇನೇ? ಬೆಳಿಗ್ಗೆಯೋ ಮಧ್ಯಾಹ್ನವೋ ಅಂತ ಕೇಳೋಕೇನಾಗಿತ್ತು ದಾಡಿ?” ಜೊತೆಗೆ ಬಂದಿದ್ದ ಅಜ್ಜಿ ಗದರಿದಳು. ಅವಳ ಬಗಲಲ್ಲಿ ಬ್ರೆಡ್ಡಿನ ಗಂಟು ಇನ್ನೂ ಬೆಚ್ಚಗಿತ್ತು.

ಅಮ್ಮ ಮೂರು ವರ್ಷದಿಂದ ಬೇರೂತಿನಲ್ಲಿ ಯಾರದೋ ಮನೆಗೆಲಸ ಮಾಡಿಕೊಂಡಿದ್ದಳು. ಇವರು ಮನೆ ಬದಲಾಯಿಸಿದ್ದು ಹೋದ ವರ್ಷ. ಹೊಸ ಮನೆಯ ದಾರಿ ಅವಳಿಗೆ ಗೊತ್ತಿಲ್ಲ. ಅಲ್ಲಿಯ ಫೋನು ಇಲ್ಲಿ ನಡೆಯುವುದಿಲ್ಲ. ಎಲ್ಲಿಗೆ ಹೋದಳೋ! ಫಿಕಿರ್ತೆಗೆ ಅಳುವೇ ಬಂದುಬಿಟ್ಟಿತು. ಪಾರ್ಕಿಂಗ್ ಕಡೆಗೆ ಓಡಿದಳು.

ಗೋಡೆಯ ನೆರಳಲ್ಲಿ, ದೊಡ್ಡ ಸೂಟ್‌ಕೇಸಿಗೆ ಒರಗಿ ಒಬ್ಬ ಹೆಂಗಸು ನಿದ್ದೆ ಮಾಡುತ್ತಿದ್ದಳು. ತುಂಬಾ ಸೊರಗಿದ್ದಳು. ಫೋಟೋದ ಅಮ್ಮ ಹೀಗಿರಲಿಲ್ಲ. ಆದರೆ ಗಲ್ಲದ ಮೇಲಿನ ಮಚ್ಚೆ ಅದೇ.

“ಅಮ್ಮಾ?”

ಹೆಂಗಸು ದಡಬಡಿಸಿ ಎದ್ದಳು. “ಅಯ್ಯೋ ನನ್ನ ಕಂದಾ! ಎಷ್ಟುದ್ದ ಆಗಿದ್ದೀಯೇ!” ಎಂದು ಬಾಚಿ ತಬ್ಬಿಕೊಂಡಳು. “ಬೆಳಿಗ್ಗೆಯಿಂದ ಕಾದೆ. ನಿಮಗೆ ನಾನು ಬೇಡವಾದೆನೇನೋ ಅಂದ್ಕೊಂಡೆ.”

“ನೀನೇ ಎಂಟು ಅಂದೆ!”

ಅಮ್ಮ ಹಣೆ ಚಚ್ಚಿಕೊಂಡಳು. “ಅಲ್ಲಿಯ ಗಂಟೆ ಹೇಳಿಬಿಟ್ಟೆನಾ! ನಮ್ಮ ಗಂಟೆ ಬಾಯಿಗೇ ಬರಲ್ಲ ನೋಡು ಈಗ.”

ಅಷ್ಟರಲ್ಲಿ ಅಜ್ಜಿಯೂ ಬಂದು ಸೇರಿದ್ದಳು. ಅಳುತ್ತಲೇ ಮೂವರೂ ನಕ್ಕರು. ಅಜ್ಜಿ ಗಂಟು ಬಿಚ್ಚಿದಳು. ಅಮ್ಮನ ಕೈಗಡಿಯಾರದಲ್ಲಿ ಎರಡೂಕಾಲು ಆಗಿತ್ತು.

“ಕೊಡಮ್ಮ, ಎಂಟೂಕಾಲು ಮಾಡ್ತೀನಿ,” ಎಂದು ಫಿಕಿರ್ತೆ ಅದರ ಕೀಲಿ ಹಿಡಿದಳು.

ಅಮ್ಮ ಮೆಲ್ಲಗೆ ಕೈ ಹಿಂದೆಳೆದುಕೊಂಡಳು. “ಇರ್ಲಿ ಬಿಡು, ಚಿನ್ನ.”

ಫಿಕಿರ್ತೆ ಅವಳ ಮುಖ ನೋಡಿದಳು. ಅಮ್ಮ ಸೂಟ್‌ಕೇಸನ್ನು ನೋಡುತ್ತಿದ್ದಳು. ‘ಎಷ್ಟು ದಿನ ಇರ್ತೀಯಾ?’ ಎಂಬ ಮಾತು ಫಿಕಿರ್ತೆಯ ನಾಲಿಗೆಯ ತುದಿಗೆ ಬಂದಿತ್ತು.

ಅವಳು ಬ್ರೆಡ್ಡು ಮುರಿದು ಅಮ್ಮನ ಬಾಯಿಗೆ ತುತ್ತು ಇಟ್ಟಳು. ಅಮ್ಮ ಅದನ್ನು ನುಂಗುವ ಮೊದಲೇ ಇನ್ನೊಂದು ತುತ್ತು ಹಿಡಿದು ನಿಂತಿದ್ದಳು.