ಕಿಮ್ ನಿಯೊ ಅವರ ಕೆಂಪು ಹೆಸರು

ತೆಂಗಿನ ನಾರಿನಿಂದ ಗೋರಿಕಲ್ಲಿನ ಪಾಚಿ ಉಜ್ಜುತ್ತಿದ್ದೆ. ಹಳೆಯ ಕಲ್ಲುಗಳನ್ನು ಓದುವುದು ನನ್ನ ಹುಚ್ಚು. ಕೊಡೆ ಹಿಡಿಯುವುದು ಗೆಳತಿ ಮೂಯ್ ಚೂಳ ಪಾಡು. ಪೆನಾಂಗಿನ ಚೀನೀಯರಾದ ನಾವು ಗಂಡಹೆಂಡಿರ ಜೋಡಿಗೋರಿಯಲ್ಲಿ ಬದುಕಿರುವವರ ಹೆಸರಿಗೆ ಕೆಂಪು ಬಳಿದು, ಸತ್ತ ಮೇಲೆ ಚಿನ್ನದ ಬಣ್ಣ ಹಚ್ಚುತ್ತೇವೆ. ಇಲ್ಲಿ ಗಂಡ ತೀರಿಹೋಗಿ ತೊಂಬತ್ತು ವರ್ಷವಾಗಿತ್ತು. ಹೆಂಡತಿ ಕಿಮ್ ನಿಯೊ ಇನ್ನೂ ಕೆಂಪು.

"ಮಕ್ಕಳು ಮರೆತಿರಬೇಕು ಕಣೇ," ಎಂದೆ.

"ಮರೆಯೋದೇನು, ಆ ಗಂಡನ ಪಕ್ಕ ಮಲಗೋಕೆ ಆಯಮ್ಮಂಗೇ ಅವಸರ ಇಲ್ಲ," ಎಂದಳು ಮೂಯ್ ಚೂ.

ಆ ಹೆಸರಿನ ಕೆಂಪು ಬಣ್ಣ ಬೆರಳಿಗೆ ಹಸಿಯಾಗಿ ಅಂಟಿತು. ಗಂಡನ ಕಡೆಯ ಕಲ್ಲು ಬಿಸಿಲಿಗೆ ಸುಡುತ್ತಿತ್ತು; ಕಿಮ್ ನಿಯೊ ಕಡೆಯದು ಮೈಯಷ್ಟೇ ಬೆಚ್ಚಗಿತ್ತು.

ರಸ್ತೆಗಾಗಿ ಆ ಗೋರಿಯನ್ನು ಅಗೆಯುವವರಿದ್ದರು. ಬದುಕಿರುವ ಸಂಬಂಧಿಕರು ಅಗೆಯಬೇಡಿ ಎಂದು ಬರೆದು ಅಂಚೆಗೆ ಹಾಕಿದರೆ ಮಾತ್ರ ಬಿಡುತ್ತಿದ್ದರು; ಅದಕ್ಕೆ ಅಂದೇ ಕೊನೆಯ ದಿನ. ಮೂರು ತಿಂಗಳ ಹಿಂದೆ ನಾನು ಬರೆದ ಪತ್ರ ಚೀಲದಲ್ಲೇ ಇತ್ತು. ಸಂಬಂಧಿಕರ ಸಹಿ ಎಲ್ಲಿಂದ ತರಲಿ?

"ನೀನೇ ಗೀಚಿ ಹಾಕು. ಬೈಯೋಕೆ ಯಾರು ಎದ್ದು ಬರ್ತಾರೆ?" ಎಂದಳು ಮೂಯ್ ಚೂ.

ಪತ್ರ ಬಿಡಿಸಿದೆ. ಸಹಿ ಆಗಲೇ ಇತ್ತು: 'ಕಿಮ್ ನಿಯೊ, ಹೆಂಡತಿ.' ರಾತ್ರಿಶಾಲೆಯಲ್ಲಿ ಕಲಿತ ನನ್ನ ಕೈಗೆ ಅಷ್ಟು ದುಂಡಗಿನ ಅಕ್ಷರ ಬರುವುದಿಲ್ಲ. ಮೂಯ್ ಚೂಗೆ ಅಕ್ಷರವೇ ಬಾರದು.

ಇಬ್ಬರೂ ಅಂಚೆ ಕಚೇರಿಗೆ ನಡೆದೆವು.

"ಕಳಿಸೋರು ಯಾರಮ್ಮ?" ಎಂದ ಅಂಚೆಯವನು.

"ಬದುಕಿರೋ ಸಂಬಂಧಿಕರು," ಎಂದಳು ಮೂಯ್ ಚೂ. ಅವನು ಮುದ್ರೆ ಒತ್ತಿ ಪತ್ರವನ್ನು ಕಳಿಸಿಬಿಟ್ಟ.