ಹೊಸ್ತಿಲ ಕೆಳಗಿನ ಮೂಗುಬೊಟ್ಟು

ಟಕ್...

ಮತ್ತೆ, ಟಕ್.

ಶೀಟಿನ ಶೆಡ್ಡಿನಲ್ಲಿ ಮಲಗಿದ್ದ ಅನುಶ್ರೀ ಎದ್ದು ಕೂತಳು. ಸದ್ದು ಬಂದದ್ದು ರಾವಂದೂರಿನ ಅವರ ಹಳೇ ಮನೆಯಿಂದ. ಹೆಂಚು, ತೊಲೆ ಎಲ್ಲ ಇಳಿದಾಗಿತ್ತು. ಉಳಿದಿದ್ದದ್ದು ತಲೆಬಾಗಿಲು ಮಾತ್ರ.

ಟಾರ್ಚ್ ಬೆಳಕಿನಲ್ಲಿ ಕಂಡವನು ಗೌರೀಶ್, ಹಳೇ ಮನೆ ಬಿಚ್ಚಿ ಮರಮುಟ್ಟು ಮಾರುವವನು. ಹೊಸ್ತಿಲನ್ನು ಮೀಟಿ, ಕೆಳಗೆ ಕೈ ತೂರಿಸಿದ್ದ.

ಹೊಸ್ತಿಲು ಏಳುವುದು ಎಲ್ಲಕ್ಕಿಂತ ಕೊನೆಗೆ, ಮನೆಯ ಹೆಂಗಸರು ಅರಿಸಿನ ಕುಂಕುಮ ಇಟ್ಟ ಮೇಲೆ. ಬಾಗಿಲು ನಿಲ್ಲಿಸಿದ ದಿನ ಅಜ್ಜಿ ಪುಟ್ಟತಾಯಮ್ಮ ಅದರಡಿ ತಮ್ಮ ಮೂಗುಬೊಟ್ಟು ಇಟ್ಟಿದ್ದರು. "ಅದು ಮನೆಯೋರಿಗೇ ಸೇರ್ಬೇಕು ಕಣ್ರೀ" ಎಂದು ಮೊದಲ ದಿನವೇ ಹೇಳಿದ್ದವನು ಇವನು. ಆ ಮಾತಿಗೇ ಅಲ್ಲವೇ ತಾನು ಮನಸೋತದ್ದು?

"ನೀವೂ ಇಷ್ಟೇನಾ?"

ಗೌರೀಶ್ ಬೆಚ್ಚಿದ. "ಮೆಲ್ಲಗೆ... ಇಲ್ನೋಡಿ."

ಗುಳಿಯಲ್ಲಿ ಬಿಳಿ ಹರಳಿನ ಮೂಗುಬೊಟ್ಟು.

"ಇದು ನಮ್ಮವ್ವಂದು. ಸಂಜೆ ಚೌಕಟ್ಟು ಸಡಿಲ ಮಾಡೋವಾಗ ನೋಡ್ದೆ, ಕೆಳಗೆ ಖಾಲಿ. ಯಾರೋ ಯಾವತ್ತೋ ತೆಗ್ದವ್ರೆ. ಬೆಳಿಗ್ಗೆ ನಿಮ್ಮಪ್ಪ ಯಾರ ಕೊಳ್ಳಪಟ್ಟಿ ಹಿಡೀತಾರೆ? ಆಮೇಲೆ ಈ ಕಡೆ ಯಾರೂ ನಂಗೆ ಒಂದು ಕಿಟಕೀನೂ ಬಿಚ್ಚಾಕೆ ಬುಡಾಕಿಲ್ಲ."

"ಅದಕ್ಕೆ ನಿಮ್ಮ ತಾಯಿಯದನ್ನ..."

"ಅದೊಂದೇ ಅಲ್ಲ." ಅವನು ತಲೆ ತಗ್ಗಿಸಿದ. "ಕಳ್ಳ ಅನ್ನಿಸ್ಕೊಂಡ ಮೇಲೆ ಇದೇ ಮನೆಗೆ ಹೆಣ್ಣು ಕೇಳಾಕೆ ಎಂಗೆ ಬರ್ಲಿ?"

ಅನುಶ್ರೀ ಟಾರ್ಚನ್ನು ಕೆಳಗಿಟ್ಟಳು. ಕೂತು, ಹೊಸ್ತಿಲಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸದ್ದಿಲ್ಲದೆ ಇಳಿಸಿದರು.

ಬೆಳಿಗ್ಗೆ ಕುಂಕುಮವಿಟ್ಟು ಹೊಸ್ತಿಲು ಎತ್ತಿದಾಗ ಅಪ್ಪ ದೇವರಾಜು ಮೂಗುಬೊಟ್ಟನ್ನು ಒರೆಸಿ ನೋಡಿ ಅಜ್ಜಿಯತ್ತ ತಿರುಗಿದ.

"ಇದೇನವ್ವ? ಕೆಂಪು ಹರಳು ಅಂತಿದ್ದೆ?"

ಅನುಶ್ರೀ ಗೌರೀಶನ ಕಡೆ ನೋಡಿದಳು. ಅಯ್ಯೋ... ಬಣ್ಣ ಕೇಳಲೇ ಇಲ್ಲವಲ್ಲ!

ಪುಟ್ಟತಾಯಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ನಿನ್ನೆಯಿಂದ ಅವರಿಗೆ ಅನ್ನ ಇಳಿದಿರಲಿಲ್ಲ. ಗುಳಿ ಖಾಲಿಯೆಂದು ಅವರಿಗೊಬ್ಬರಿಗೇ ಗೊತ್ತಿತ್ತು. ನೆಲಕ್ಕೆ ಸಿಮೆಂಟ್ ಹಾಕಿಸಲು ಹೊಸ್ತಿಲು ಎತ್ತಿದ್ದ ವರ್ಷ, ಪ್ರೀತಿಸಿದವನ ಜೊತೆ ಮನೆ ಬಿಟ್ಟ ಮಗಳಿಗೆ ಕೆಂಪು ಹರಳಿನದನ್ನು ಗುಟ್ಟಾಗಿ ತೆಗೆದುಕೊಟ್ಟವರು ಅವರೇ.

ಗೌರೀಶನ ಉಗುರುಗಳಲ್ಲಿ ಹಳೇ ಗಾರೆ ಮೆತ್ತಿದ್ದು ಅವರ ಕಣ್ಣಿಗೆ ಬಿತ್ತು. ಮೊಮ್ಮಗಳ ಉಗುರುಗಳಲ್ಲೂ.

"ನಂಗೇ ಮರ್ತೋಗಿತ್ತು ಕಣ್ಲಾ. ಬಿಳೀದೇ ಇಟ್ಟಿದ್ದು." ಮೂಗುಬೊಟ್ಟು ಅನುಶ್ರೀಯ ಕೈಸೇರಿತು. "ಇಟ್ಕೊ. ಮೊದ್ಲು ಕೈ ತೊಳ್ಕೊಳಿ, ಇಬ್ರೂವೆ."

ಲಾರಿ ತುಂಬಿದ ಮೇಲೆ ಅನುಶ್ರೀ ಗೌರೀಶನ ಹತ್ತಿರ ಬಂದಳು. "ನಿಮ್ಮವ್ವಂದು... ವಾಪಸ್ ಬೇಡವಾ?"

"ಸೇರ್ಬೇಕಾದಲ್ಲಿಗೇ ಸೇರೈತೆ ಬುಡಿ."

"ಹಾಗಾದರೆ ಕೇಳೋಕೆ ಯಾವತ್ತು ಬರ್ತೀರ?"

"ಲೋಡು ಇಳಿಸಿ ಬತ್ತೀನಿ."

ಶೆಡ್ಡಿನ ಬಾಗಿಲಲ್ಲಿ ಕೂತು ನೋಡುತ್ತಿದ್ದ ಪುಟ್ಟತಾಯಮ್ಮ ತಟ್ಟೆಗೆ ಅನ್ನ ಹಾಕಿಕೊಂಡರು. ಕೆಂಪು ಹರಳಿನ ಸಂಗತಿ ಇನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡರು... ಈ ಹುಡುಗಿಗೂ.