ಶಿಳ್ಳೆ ಹಾಕುವವರೆಗೆ

ನನ್ನ ಗಂಡ ಲೆಮ್‌ಗೆ ಸಿನಿಮಾದಲ್ಲಿ ಸಾಯುವುದೇ ಕೆಲಸ. ಶೆರಿಫ್ ಗುಂಡು ಹಾರಿಸಿದೊಡನೆ ದರೋಡೆಕೋರನ ವೇಷದಲ್ಲಿ ಕುದುರೆಯಿಂದ ಉರುಳಬೇಕು, ನಿರ್ದೇಶಕ ಶಿಳ್ಳೆ ಹಾಕುವವರೆಗೆ ಮಿಸುಕಕೂಡದು. ಕೊನೆಯ ಸಲ ಶಿಳ್ಳೆ ಹಾಕಿದರೂ ಅವನು ಏಳಲಿಲ್ಲ; ಕತ್ತು ಮುರಿದಿತ್ತು.

ಅವನು ಬಿದ್ದ ಆ ದೃಶ್ಯವನ್ನು ಹಾಗೇ ಉಳಿಸಿಕೊಂಡು ಆ ಚಿತ್ರ ನೆವಾಡಾದ ನಮ್ಮೂರಿಗೂ ಬಂತು. ಇಲ್ಲಿ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುವವಳು ನಾನೇ.

"ಈ ವಾರ ಬರ್ಬೇಡಿ ಅಕ್ಕಾ," ಎಂದ ರೀಲು ಓಡಿಸುವ ಹಾರ್ಲನ್.

"ಮನೇಲಿ ಕೂತು ಗೋಡೆ ನೋಡ್ಲೇನೋ?" ಎಂದೆ.

ಬುಧವಾರ ಮಧ್ಯಾಹ್ನದ ಆಟಕ್ಕೆ ಒಬ್ಬರೂ ಬರಲಿಲ್ಲ. ಹಾರ್ಲನ್ ನನ್ನೊಬ್ಬಳಿಗಾಗಿಯೇ ರೀಲು ಓಡಿಸಿದ. ಪರದೆಯ ಮೇಲೆ ಲೆಮ್ ಬಿದ್ದ. ಅವನ ಮೇಲೆ ಧೂಳು ಕೂರುತ್ತಿತ್ತು. ನನಗೆ ನುಡಿಸಲಾಗಲಿಲ್ಲ. ಏನನ್ನಿಸಿತೋ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿಬಿಟ್ಟೆ.

ಪಿಯಾನೊ ಕೀಗಳು ತಣ್ಣಗೆ ಕೊರೆಯತೊಡಗಿದವು. ಕುದುರೆಯ ಬೆವರಿನ ವಾಸನೆ ಬಂತು. ಪರದೆಯ ಹಿಂದಿನ ಹಲಗೆಗಳ ಮೇಲೆ ಎಡಗಾಲು ಎಳೆದು ನಡೆಯುವ ಬೂಟಿನ ಸದ್ದು. ಲೆಮ್ ನಡೆಯುತ್ತಿದ್ದುದೇ ಹಾಗೆ. ಹಿಂಬಾಗಿಲು ತೆರೆದು ಮುಚ್ಚಿಕೊಂಡಿತು.

"ಯಾರಕ್ಕಾ ಹೋಗಿದ್ದು?" ಎಂದು ಮೇಲಿನಿಂದ ಹಾರ್ಲನ್ ಕೂಗಿದ.

ಮರುದಿನ ಥಿಯೇಟರು ತುಂಬಿತ್ತು. ಶೆರಿಫ್ ಬಂದೂಕು ಎತ್ತಿದಾಗ ಜನ ಗೊಳ್ಳೆಂದು ನಕ್ಕರು.

"ಯಾರಿಗೆ ಹೊಡೀತೀಯೋ ಶೆರಿಫಪ್ಪಾ? ಕುದುರೆ ಮೇಲೆ ಯಾರೂ ಇಲ್ವಲ್ಲೋ!"

ನಾನು ಮನೆಗೆ ಓಡಿ, ಬಾಗಿಲು ತೆರೆದಿಟ್ಟು, ಕಾಫಿ ಬಿಸಿಗಿಟ್ಟು ಕೂತೆ. ರೀಲು ಆಮೇಲೆ ಊರೂರು ಸುತ್ತಿತು. ಎಲ್ಲೆಲ್ಲೂ ಕುದುರೆ ಬರಿದಾಗಿಯೇ ಓಡಿತಂತೆ.

ಲೆಮ್ ಮಾತ್ರ ಇನ್ನೂ ಮನೆಗೆ ಬಂದಿಲ್ಲ.